ದಣಿದಿದ್ದ ಕಪ್ಪೆ

ಜಯಮ್ಮಕ್ಕ, ಅವತ್ತು ನಿಮಗೆ ಬಸಿರಿಲ್ಲ ಎಂದದ್ದು ಕಪ್ಪೆಯಲ್ಲ — ನಾನು. ಅದು ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ನಿಮ್ಮ ಮೇಲೆ ಬಂದ ಅಪವಾದವನ್ನು ಒಂದೇ ಮಾತಿನಲ್ಲಿ ತೊಳೆಯಬಹುದಿತ್ತು. ತೊಳೆಯಲಿಲ್ಲ.

ಐವತ್ತರ ದಶಕದ ಆರಂಭ ಅದು. ರಾಜಾಜಿನಗರದಲ್ಲಿ ಇನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಅಲ್ಲಿನ ಲೇಡಿ ಡಾಕ್ಟರರ ಪುಟ್ಟ ನರ್ಸಿಂಗ್ ಹೋಮಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಹುಡುಗಿ ನಾನು — ಲ್ಯಾಬಿನ ಸರೋಜ. ಬಸಿರಿನ ಪರೀಕ್ಷೆಗೆ ನಮ್ಮಲ್ಲಿದ್ದದ್ದು ಯಂತ್ರವಲ್ಲ, ಕೆಂಗೇರಿ ಕೆರೆಯ ಕಡೆಯಿಂದ ಹಿಡಿಸಿ ತಂದ ಗಂಡು ನೆಲಗಪ್ಪೆಗಳು. ಹೆಂಗಸಿನ ಬೆಳಗಿನ ಮೂತ್ರವನ್ನು ಕಪ್ಪೆಯ ಚರ್ಮದಡಿ ಸೂಜಿಯಿಂದ ಏರಿಸುವುದು, ಕೆಲವು ಗಂಟೆ ಕಾಯುವುದು, ಆಮೇಲೆ ಕಪ್ಪೆಯ ಮೂತ್ರದ ಹನಿಯೊಂದನ್ನು ಮೈಕ್ರೋಸ್ಕೋಪಿನಡಿ ಇಡುವುದು. ಬಸಿರಿದ್ದರೆ ಆ ಹನಿಯಲ್ಲಿ ಕಪ್ಪೆಯ ವೀರ್ಯಾಣುಗಳು ಬಾಲ ಆಡಿಸುತ್ತಿರುತ್ತಿದ್ದವು. ಇಲ್ಲದಿದ್ದರೆ ಬರೀ ನೀರು.

ಅಬ್ಬಾ, ಆ ನೋಟ! ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಗರ್ಭ ನಾಟಿಕೊಂಡ ಕೂಡಲೇ ಅದರ ಹೊರಪದರ ಒಂದು ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ, ಮೂತ್ರಕ್ಕೂ ಅದು ಇಳಿಯುತ್ತದೆ — ನಾನು ಬಂದಿದ್ದೇನೆ, ಈ ತಿಂಗಳು ಮುಟ್ಟಾಗಬೇಡ ಎಂದು ಅಂಡಾಶಯಕ್ಕೆ ಕಳಿಸುವ ಸುದ್ದಿ ಅದು. ರಕ್ತ ಮೈಯೆಲ್ಲ ಸುತ್ತಿದರೂ, ಆ ಸುದ್ದಿ ಕೇಳಿಸುವುದು ಅದಕ್ಕೆ ತಕ್ಕ ಗ್ರಾಹಕ, ಅಂದರೆ ಆ ಸುದ್ದಿ ಹಿಡಿಯುವ ಕಿವಿ, ಇರುವ ಜೀವಕೋಶಕ್ಕೆ ಮಾತ್ರ. ಸಂತೆಯಲ್ಲಿ ಹೆಸರು ಹಿಡಿದು ಕೂಗಿದರೆ ಆ ಹೆಸರಿನವನೊಬ್ಬನೇ ತಿರುಗಿ ನೋಡುವ ಹಾಗೆ. ಅಂಥದೇ ಗ್ರಾಹಕ ಕೆರೆಯ ಕಪ್ಪೆಯ ವೃಷಣದಲ್ಲೂ ಇರುವುದೆಂದರೆ! ಮನುಷ್ಯರ ಕೂಸಿನ ಕೂಗಿಗೆ ಕಪ್ಪೆ ಓಗೊಡುವುದೆಂದರೆ! ಗ್ರಾಹಕ ಎಂಬ ಮಾತನ್ನು ನಾನು ಓದಿದ್ದು ಬಹಳ ಕಾಲದ ಮೇಲೆ. ಆಗ ನನ್ನಲ್ಲಿದ್ದದ್ದು ಬೆರಗು, ಅದರ ಜೊತೆಗೆ ಜಂಬ. ಬಂದವರಿಗೆಲ್ಲ ಹೇಳುತ್ತಿದ್ದೆ — ಡಾಕ್ಟರ್ ಕೈ ತಪ್ಪಬಹುದು, ನಮ್ಮ ಕಪ್ಪೆ ತಪ್ಪಲ್ಲ ಅಂತ. ಆ ಮಾತು ಮಾಗಡಿ ರಸ್ತೆಯುದ್ದಕ್ಕೂ ಹರಡಿತು.

ನೀವು ಬಂದದ್ದು ಕಡು ಬೇಸಿಗೆಯಲ್ಲಿ. ಮದುವೆಯಾಗಿ ಎಷ್ಟೋ ವರ್ಷ, ಮಕ್ಕಳಿರಲಿಲ್ಲ, ಮುಟ್ಟು ನಿಂತಿತ್ತು. ಹೆಗ್ಗನಹಳ್ಳಿಯಿಂದ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದೇ ಬಂದಿದ್ದಿರಿ, ಹಿಂದೆ ನಿಮ್ಮ ಅತ್ತೆ. ಹಿಂದಿನ ದಿನ ನಾನು ಮ್ಯಾಟಿನಿಗೆ ಓಡುವ ಅವಸರದಲ್ಲಿ ಕಪ್ಪೆಯ ತೊಟ್ಟಿಯ ಮೇಲಿನ ಗೋಣಿಗೆ ನೀರು ಚಿಮುಕಿಸಿರಲಿಲ್ಲ. ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿದ್ದವೆಲ್ಲ ಸತ್ತಿದ್ದವು. ಉಳಿದಿದ್ದದ್ದು ಬೇರೆ ಮಡಕೆಯಲ್ಲಿದ್ದ ಒಂದೇ ಕಪ್ಪೆ — ಮೊನ್ನೆಯಷ್ಟೇ ಬೇರೊಬ್ಬರ ಬಸಿರು ಹೇಳಿ ದಣಿದದ್ದು. ಅಂಥದ್ದಕ್ಕೆ ವಿಶ್ರಾಂತಿ ಕೊಡಲೇಬೇಕು. ಇಲ್ಲದಿದ್ದರೆ ಹಾರ್ಮೋನು ಎಷ್ಟು ಕೂಗಿದರೂ ಕೊಡಲು ಅದರ ಬಳಿ ಏನೂ ಇರುವುದಿಲ್ಲ. ನನಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಕಪ್ಪೆ ಸತ್ತಿವೆ, ನಾಳಿದ್ದು ಬನ್ನಿ ಎಂದಿದ್ದರೆ ಡಾಕ್ಟರರಿಂದ ಎರಡು ಬೈಗುಳ, ಅಷ್ಟೇ. ಆ ಬೈಗುಳಕ್ಕೆ ಹೆದರಿ ಅದೇ ಕಪ್ಪೆಗೆ ಸೂಜಿ ಚುಚ್ಚಿದೆ.

ಹನಿಯಲ್ಲಿ ಏನೂ ಇರಲಿಲ್ಲ. ‘ಇಲ್ಲ’ ಎಂದೆ. ನಿಮ್ಮ ಅತ್ತೆ ಅಲ್ಲಿಂದಲೇ ನಿಮ್ಮನ್ನು ಕೆಂಗೇರಿಯ ತವರಿಗೆ ಕಳಿಸಿಬಿಟ್ಟರು.

ಕೆಲವು ವಾರಗಳ ಮೇಲೆ ನಿಮ್ಮ ತಾಯಿ ನಿಮ್ಮನ್ನು ಮತ್ತೆ ಕರೆತಂದರು. ವಾಂತಿ ನಿಲ್ಲುತ್ತಿರಲಿಲ್ಲ. ಸುದ್ದಿ ತಿಳಿದು ಅತ್ತೆಯೂ ಬಂದರು. ಈ ಸಲ ಹೊಸ ಕಪ್ಪೆ — ಮೈಕ್ರೋಸ್ಕೋಪಿನಡಿ ಜಾತ್ರೆಯೋ ಜಾತ್ರೆ! ನಾನು ಖುಷಿಯಿಂದ ಹೊರಗೆ ಬಂದು ಹೇಳಿದೆ. ಅತ್ತೆಯ ಮುಖ ಕಲ್ಲಾಯಿತು. ನರ್ಸಿಂಗ್ ಹೋಮಿನ ಮುಂದಿನ ಬೀದಿಯಲ್ಲೇ ನಿಂತು ಕೂಗಿದರು: “ಅವತ್ತು ಕಪ್ಪೆ ಇಲ್ಲ ಅಂತು. ಇವತ್ತು ಐತೆ ಅಂತದೆ. ನಡುವೆ ನನ್ನ ಮಗ ಕೆಂಗೇರಿ ಕಡೆ ತಲೆ ಹಾಕಿಲ್ಲ. ಯಾರ್ದೇ ಇದು?”

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ತಿಂಗಳ ಲೆಕ್ಕ ಸರಿಯಾಗಿದೆ, ಬಸಿರು ಮೊದಲಿನದೇ ಎಂದರು. ಯಾರು ಕೇಳುತ್ತಾರೆ? ಡಾಕ್ಟರ್ ಕೈ ತಪ್ಪಬಹುದು ಎಂದು ಕಲಿಸಿದವಳು ನಾನೇ ತಾನೆ! ಅವರು ನನ್ನ ಕಡೆ ತಿರುಗಿ, “ಮೊದಲ ಸಲ ಹಾಕಿದ್ದು ಸುಧಾರಿಸಿಕೊಂಡ ಕಪ್ಪೆ ತಾನೆ, ಸರೋಜ?” ಎಂದರು. “ಹೌದು ಡಾಕ್ಟ್ರೇ” ಎಂದೆ.

ಆಗ ನೀವು ನನ್ನ ಹತ್ತಿರ ಬಂದಿರಿ. ಅಳಲಿಲ್ಲ, ಕೈಮುಗಿಯಲಿಲ್ಲ. “ಒಂದೇ ಮಾತು ಹೇಳಿ ಸರೋಜಮ್ಮ. ಕಪ್ಪೆ ತಪ್ಪು ಹೇಳೋದೂ ಉಂಟಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು — ಥೂ, ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ — “ಕಪ್ಪೆ ತಪ್ಪು ಹೇಳಲ್ಲ ಕಣಕ್ಕ” ಎಂದೆ.

ನೀವು ತಲೆಯಾಡಿಸಿದಿರಿ. “ಸರಿ. ನನ್ನ ಮೈ ನಂಗೊತ್ತು” ಎಂದು ಅತ್ತೆಗಿಂತ ಮೊದಲೇ ಹೆಗ್ಗನಹಳ್ಳಿಯ ದಾರಿ ಹಿಡಿದಿರಿ, ಗಂಡನ ಮನೆಗೇ. ಅಂಥ ನಡಿಗೆಯನ್ನು ನಾನು ಮತ್ತೆ ಯಾರಲ್ಲೂ ಕಾಣಲಿಲ್ಲ. ಆ ಮನೆಯಲ್ಲೇ ಹೆತ್ತಿರಿ, ಅಲ್ಲೇ ಸಾಕಿದಿರಿ. ಬೀದಿ ನಿಮ್ಮ ಮಗನಿಗೆ ‘ಕೆಂಗೇರಿ ಕೂಸು’ ಎಂದು ಹೆಸರಿಟ್ಟಿತು. ನಿಮ್ಮ ಯಜಮಾನರು ಮಗುವನ್ನು ಮನೆಯಿಂದ ಹೊರಗೆ ಹಾಕಲಿಲ್ಲ, ನಿಜ. ಆದರೆ ಹೆಗಲ ಮೇಲೆ ಕೂರಿಸಿಕೊಂಡದ್ದನ್ನು ನಾನಂತೂ ಒಮ್ಮೆಯೂ ನೋಡಲಿಲ್ಲ.

ಅದೇ ಬೀದಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಮಾರಿದಿರಿ. ನಮ್ಮ ನರ್ಸಿಂಗ್ ಹೋಮಿಗೂ ಹಾಕುತ್ತಿದ್ದಿರಿ. ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ನನ್ನ ಪಾತ್ರೆಗೆ ಕೊಸರು ಹಾಕದೆ ಹೋದ ದಿನವೂ ಇಲ್ಲ. ಪ್ರತಿ ದಿನ ಬಾಯಿ ತೆರೆಯುತ್ತಿದ್ದೆ — ಇವತ್ತು ಹೇಳಿಬಿಡೋಣ, ಇವತ್ತು — ಮತ್ತೆ ಹಾಲು ತೆಗೆದುಕೊಂಡು ಒಳಗೆ ಹೋಗುತ್ತಿದ್ದೆ. ಕಾಫಿ ಕುಡಿಯುತ್ತಿದ್ದೆ, ಅದೇ ಹಾಲಿನಲ್ಲಿ.

ಈಗ ಕಪ್ಪೆಗಳೂ ಇಲ್ಲ. ಅಂಗಡಿಯಲ್ಲಿ ಸಿಗುವ ಒಂದು ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿದರೆ ಮುಗಿಯಿತು. ಆ ಗೆರೆ ಕಂಡು ಹಿಗ್ಗುವ ಹುಡುಗಿಯರನ್ನು ನೋಡಿದಾಗಲೆಲ್ಲ ನೀವೇ ಕಣ್ಣ ಮುಂದೆ ಬರುತ್ತೀರಿ. ಒಂದು ಕಾಳಿನಷ್ಟೂ ಇಲ್ಲದ ಜೀವ ನಾನಿದ್ದೇನೆ ಎಂದು ಅಷ್ಟು ಗಟ್ಟಿಯಾಗಿ ಕೂಗಿತ್ತು. ನೀವು ಅದನ್ನು ಯಾವ ಸೂಜಿಯೂ ಇಲ್ಲದೆ ಕೇಳಿಸಿಕೊಂಡಿದ್ದಿರಿ.

ನಿಮ್ಮ ಅತ್ತೆ ಹೋದರು, ಯಜಮಾನರೂ ಹೋದರು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಈ ಭಾನುವಾರ ಹೆಗ್ಗನಹಳ್ಳಿಗೆ ಬರುತ್ತೇನೆ. ಒಳಗೆ ಕರೆಯಬೇಡಿ. ನಿಮ್ಮ ಅತ್ತೆ ಆ ಮಾತನ್ನು ಬೀದಿಯಲ್ಲಿ ನಿಂತು ಆಡಿದ್ದರು. ನಾನೂ ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, ನಿಮ್ಮ ಮಗನಿಗೆ ಹೇಳಬೇಕು — ನೀನು ನಿಮ್ಮಪ್ಪನ ಮಗನೇ ಕಣಪ್ಪ. ಇದನ್ನು ಅವರು ಬದುಕಿದ್ದಾಗ ಹೇಳಬೇಕಿತ್ತು. ನಾನು ಹೇಳಲಿಲ್ಲ.