ಶಾಲೆಯ ಹಿಂದಿನ ಬಿರುಕು

ಚೆನ್ನೈನ ಅಡ್ಯಾರಿನ ಒಂದು ಕಚೇರಿಯಲ್ಲಿ ನಾಗಮಣಿಯ ಕೆಲಸಕ್ಕೆ ಮಾತೇ ಬೇಕಿರಲಿಲ್ಲ. ಎಲ್ಲಾದರೂ ಭೂಮಿ ಕಂಪಿಸಿದರೆ, ಅದಕ್ಕೆ ಮೊದಲು ಮತ್ತು ಆಮೇಲೆ ಉಪಗ್ರಹ ತೆಗೆದ ಚಿತ್ರಗಳನ್ನು ಹೋಲಿಸಿ, ನೆಲ ಎಲ್ಲಿ ಎದ್ದಿದೆ, ಎಲ್ಲಿ ಕುಸಿದಿದೆ ಎಂದು ಗುರುತಿಸಬೇಕು. ಚಾಮರಾಜನಗರದಿಂದ ಬಂದು ಒಂಬತ್ತು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಕನ್ನಡ ನಿಂತುಹೋಗಿತ್ತು. ತರಕಾರಿಗೆ ತಮಿಳು, ಕಚೇರಿಗೆ ಇಂಗ್ಲಿಷ್. ಕೆಲವು ಭಾನುವಾರಗಳು ಬಾಯಿ ತೆರೆಯದೆಯೇ ಕಳೆದುಹೋಗುತ್ತಿದ್ದವು.

ಆ ಜನವರಿಯಲ್ಲಿ ಕಲಬುರಗಿ ಕಡೆಯ ಹಳ್ಳಿಯೊಂದರಲ್ಲಿ ಸಣ್ಣ ಕಂಪನವಾಯಿತು. ಪಾತ್ರೆಗಳು ಅಲುಗಿದವೆಂದು ಬರೆದು ಪತ್ರಿಕೆಗಳು ಮರೆತವು. ನಾಗಮಣಿಯ ಪರದೆಯ ಮೇಲೆ ಮಾತ್ರ, ಹೊಲಗಳ ನಡುವೆ, ನೆಲದ ಏರಿಳಿತ ತೋರಿಸುವ ಬಣ್ಣ ಒಂದು ಗೆರೆಯುದ್ದಕ್ಕೂ ಕಡಿದುಹೋಗಿತ್ತು. ಗೆರೆಯ ಆಚೆಯ ನೆಲ ಒಂದು ಸೆಂಟಿಮೀಟರಿನಷ್ಟು ಮೇಲೆದ್ದಿರಬೇಕು.

"ಇಷ್ಟು ಸಣ್ಣ ಕಂಪನಕ್ಕೆ ನೆಲ ಜರುಗುವುದಿಲ್ಲ. ಗಾಳಿಯ ತೇವದಿಂದ ಹಾಗೆ ಕಂಡಿರುತ್ತೆ. ವಿಟ್ಟುಡುಂಗ ಮೇಡಂ, ಬಿಟ್ಟುಬಿಡಿ," ಎಂದರು ಮೇಲಧಿಕಾರಿ ಮಧುಸೂದನ್.

ಅವಳಿಗೆ ಬಿಡಲು ಮನಸ್ಸಾಗಲಿಲ್ಲ. ಗೆರೆ ಊರ ಶಾಲೆಯ ಹಿಂದೆಯೇ ಹಾದುಹೋಗಿತ್ತು. ಶಾಲೆಯ ನಂಬರ್ ಹುಡುಕಿ ಮಧ್ಯಾಹ್ನ ಫೋನ್ ಮಾಡಿದಳು. ಎತ್ತಿಕೊಂಡವಳು ಬಿಸಿಯೂಟದ ಅಡುಗೆಯ ಕಲಾವತಿ.

"ಶಾಲೆ ಹಿಂದೆ ನೆಲ ಏನಾದ್ರೂ ಬಿರುಕು ಬಿಟ್ಟಿದೆಯೇನಮ್ಮಾ?"

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು.

"ನಿಮಗ ಯಾರ್ ಹೇಳಿದ್ರಿ ಅಕ್ಕಾರ? ಭೂಮಿ ನಡುಗಿದ ದಿನದಿಂದ ಹೇಳಕತ್ತೀನಿ, ಅಡಗಿಮನಿ ಬಾಜೂಕ ನೆಲ ಒಡದದ ಅಂತ. ಬಿಸಿಲಿಗೆ ಒಡದದ ಅಂತ ಎಲ್ಲಾರೂ ನಗ್ತಾರ."

"ಒಂದು ಬದಿ ಎತ್ತರ ಇದೆಯಾ?"

"ತಡೀರಿ." ಯಾವುದೋ ಮಗುವಿನ ಸ್ಕೇಲ್ ಇಸಿದುಕೊಂಡು ಹೋಗಿ ಅಳೆದಳು. "ಒಂದು ಸೆಂಟಿಮೀಟರ್, ಮ್ಯಾಲ ಎರಡು ಸಣ್ಣ ಗೆರಿ."

ನಾಗಮಣಿಯ ಕಣ್ಣು ತುಂಬಿ ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ನೆಲ ಇನ್ನೂ ಜರುಗುತ್ತಿದೆಯೇ ಎಂದು ನೋಡಬೇಕಿತ್ತು. ಮೂರು ವಾರ ಕಲಾವತಿ ದಿನವೂ ಅಳೆದಳು, ನಾಗಮಣಿ ದಿನವೂ ಕೇಳಿ ಬರೆದುಕೊಂಡಳು. ಅಳತೆ ಅರ್ಧ ನಿಮಿಷದ್ದು. ಮಾತು ಮಾತ್ರ ಜೋಳದ ರೊಟ್ಟಿಗೂ ಚೆನ್ನೈನ ಸೆಕೆಗೂ ಹರಿಯುತ್ತಿತ್ತು. ಕೊನೆಗೆ ಕಲಾವತಿ ಕಳಿಸಿದ ಫೋಟೊಗಳನ್ನೂ ಅಳತೆಗಳನ್ನೂ ನೋಡಿ ಮಧುಸೂದನ್ ತಾವೇ ಹೋಗಿಬಂದರು. "ನೀವು ಹೇಳಿದ್ದೇ ಸರಿ," ಎಂದರು. ಬಿರುಕಿನ ಪಕ್ಕ ಒಂದು ಉಪಕರಣ ಕೂರಿಸಿದರು. ಶಾಲೆಯವರು ಅಡುಗೆಮನೆಯನ್ನು ಬಿರುಕಿನಿಂದ ದೂರದ ಬದಿಗೆ ಸಾಗಿಸಿದರು.

ಇನ್ನು ಅಳತೆ ತಾನಾಗಿಯೇ ಬರುತ್ತಿತ್ತು. ಒಂದು ವಾರ ತಡೆದು ನಾಗಮಣಿ ಮತ್ತೆ ಕರೆ ಮಾಡಿದಳು.

"ಮತ್ತ ಅಳೀಬೇಕೇನ್ರಿ ಅಕ್ಕಾರ?"

"ಇಲ್ಲಮ್ಮ, ಸುಮ್ನೆ ಮಾಡ್ದೆ."

"ಹೌದಾ? ಬ್ಯಾಳಿ ಉಕ್ಕಲಿಕತ್ತದ್ರಿ, ಆಮ್ಯಾಲ ನಾನೇ ಮಾಡ್ತೀನಿ."

ನಾಗಮಣಿ ಫೋನನ್ನು ಎದುರಿಗಿಟ್ಟುಕೊಂಡು ಮೊಸರನ್ನದ ಡಬ್ಬಿ ತೆರೆದಳು. ಆ ದಿನ ಕರೆ ಬರಲಿಲ್ಲ.