ದೊಡ್ಡಪ್ಪ ತಿರುಗಿಸಿ ಕೊಟ್ಟ ಲೆನ್ಸು

ಅಜ್ಜನ ಹಳೆಯ ಲೆನ್ಸನ್ನು ಹಾಳು ಮಾಡಿದವಳು ನಾನು ಎನ್ನುವುದು ನಮ್ಮ ಕುಟುಂಬ ಒಪ್ಪಿಕೊಂಡ ಕಥೆ. ಆಯುಧಪೂಜೆಯನ್ನು ಲೇವಡಿ ಮಾಡಿದೆನಂತೆ, ಅದಕ್ಕೇ ಲೆನ್ಸು ಕಚ್ಚಿಕೊಂಡಿತಂತೆ, ಸಿಟ್ಟಿಗೆ ಎಳೆದಾಡಿ ಗೀರನ್ನೂ ಹಾಕಿದೆನಂತೆ. ಶಿವಮೊಗ್ಗದ ನೆಂಟರಲ್ಲಿ ಅರ್ಧ ಜನ ಇಂದಿಗೂ ಕಾಫಿಯ ಜೊತೆ ಇದನ್ನೇ ಹೇಳುತ್ತಾರೆ. ಕಾಲೇಜಿನ ದಿನಗಳೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಎದುರಾಳಿ ವಾದದ ನಡುವೆ ದೇವರನ್ನು ಕರೆತಂದರೆ ಅವನ ಬಳಿ ಬೇರೆ ಸಾಕ್ಷಿ ಇಲ್ಲ ಎಂದೇ ಅರ್ಥ. ಸಾಕ್ಷಿ ಇದ್ದದ್ದು ನನ್ನ ಬಳಿ.

ಅಜ್ಜ ಭದ್ರಾವತಿಯ ಕಾರ್ಖಾನೆಯಲ್ಲಿದ್ದವರು. ಕ್ವಾರ್ಟರ್ಸಿನ ಮದುವೆ, ನಾಮಕರಣಗಳನ್ನೆಲ್ಲ ಆ ಲೆನ್ಸಿನಲ್ಲೇ ತೆಗೆದವರು. ಕೊನೆಗೆ ಅದನ್ನು ಹಿರಿಯ ಮಗನಿಗೆ ಕೊಡದೆ ನನ್ನ ಕೈಯಲ್ಲಿಟ್ಟರು. ದೊಡ್ಡಪ್ಪನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಹಳೆಯ ಲೆನ್ಸು ನನ್ನ ಹೊಸ ಕ್ಯಾಮೆರಾಕ್ಕೆ ನೇರವಾಗಿ ಕೂರುವುದಿಲ್ಲ. ನಡುವೆ ಅಡಾಪ್ಟರ್ ಎಂಬ ಅಲ್ಯೂಮಿನಿಯಂ ಉಂಗುರ ಬೇಕು. ಲೆನ್ಸು ಬಾಟಲಿಯ ಮುಚ್ಚಳದಂತೆ ತಿರುಗಿ ಅದರೊಳಗೆ ಇಳಿಯುತ್ತದೆ.

ದೊಡ್ಡಪ್ಪನದು ಹಾರ್ಡ್‌ವೇರ್ ಅಂಗಡಿ. ಆಯುಧಪೂಜೆಗೆ ಮನೆಮಂದಿಯ ಸಾಮಾನೆಲ್ಲ ಅಲ್ಲೇ ಸೇರುತ್ತದೆ.

"ಕ್ಯಾಮೆರಾನೂ ತಂದಿಡು. ಅದೂ ಆಯುಧಾನೇ" ಎಂದರು ದೊಡ್ಡಪ್ಪ.

"ನಾಲಿಗೆನೂ ಇಡ್ಲಾ ದೊಡ್ಡಪ್ಪಾ? ನನ್ನ ಆಯುಧ ಅದೇ."

"ಇಡು ಮಾರಾಯ್ತಿ. ಅದಕ್ಕೆ ಬೇರೆಯಾಗೇ ಒಂದು ಬೂದುಗುಂಬಳ ಒಡೀಬೇಕು."

ನಾನು ಮಾಡಿದ ಲೇವಡಿ ಇಷ್ಟೇ. ಕ್ಯಾಮೆರಾ, ಉಂಗುರ, ಲೆನ್ಸು ಮೂರನ್ನೂ ಬಿಡಿಬಿಡಿಯಾಗಿ ಇಟ್ಟು, ಸ್ಪರ್ಧೆಯೊಂದಕ್ಕೆ ಬೇರೆ ಊರಿಗೆ ಹೊರಟೆ. ವಾರದ ನಂತರ ದೊಡ್ಡಪ್ಪ ಲೆನ್ಸು, ಉಂಗುರ ಎರಡನ್ನೂ ಒಂದಕ್ಕೊಂದು ತಿರುಗಿಸಿ ಕೊಟ್ಟರು. "ಬಿಡಿಬಿಡಿ ಇದ್ರೆ ಕಳೆದುಹೋಗುತ್ತೆ ಅಂತ ಸೇರಿಸಿದೀನಿ" ಎಂದರು.

ಸೇರಿರಲಿಲ್ಲ. ಅರ್ಧಕ್ಕೆ, ಓರೆಯಾಗಿ ನಿಂತಿತ್ತು. ಕ್ಯಾಮೆರಾಕ್ಕೆ ಹಾಕಿ ನೋಡಿದರೆ ದೂರದ್ದೆಲ್ಲ ಮಬ್ಬು. ಒಳಗೂ ಹೋಗದು, ಹೊರಗೂ ಬಾರದು. ಅಜ್ಜಿಯ ಹತ್ತಿರ ಹೋಗಿ ಹೇಳಿದೆ. ಅಲ್ಲೇ ಕೂತಿದ್ದ ದೊಡ್ಡಪ್ಪ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ನಾನು ಕೊಟ್ಟಾಗ ಸರಿ ಇತ್ತಮ್ಮ. ನೋಡು, ಉಂಗುರದ ಮೇಲೆ ಗೀರು ಬೇರೆ ಹಾಕಿದಾಳೆ. ಪೂಜೆ ಅಂದ್ರೆ ನಗೋರಿಗೆ ಹಿಂಗೇ ಆಗೋದು."

ಅಜ್ಜಿ ಗೀರನ್ನು ಬೆರಳಿನಿಂದ ಸವರಿ ನೋಡಿದರು. "ಭಾನುವಾರ ಎಲ್ರೂ ಊಟಕ್ಕೆ ಸೇರಿದಾಗ ದೊಡ್ಡಪ್ಪಂಗೆ ಕೊಟ್ಟುಬಿಡು ಪುಟ್ಟಿ. ಅವನ ಷೋಕೇಸಲ್ಲಾದ್ರೂ ಭದ್ರವಾಗಿರ್ಲಿ."

ಆ ಗೀರನ್ನು ನಾನೂ ಅದೇ ಮೊದಲು ನೋಡಿದ್ದು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆರೋಪ ಹೊರಿಸಿದವನೇ ತೀರ್ಪಿನ ಫಲವನ್ನೂ ಮನೆಗೆ ಒಯ್ಯುವ ನ್ಯಾಯಾಲಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವತ್ತೇ ತೀರ್ಮಾನಿಸಿದೆ: ಲೆನ್ಸು ಬಿಡಿಸಿದರೆ ಸಾಲದು, ಅದೇ ಮನೆಯಲ್ಲಿ, ಎಲ್ಲರ ಮುಂದೆ ದೊಡ್ಡಪ್ಪನ ಬಾಯಿ ಕಟ್ಟಬೇಕು.

ಶನಿವಾರ ಭದ್ರಾವತಿಯ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಷ್ಟರಲ್ಲಿ ಮರುದಿನದ ಭಾಷಣದ ಮೊದಲ ಭಾಗ ಸಿದ್ಧವಾಗಿತ್ತು. ಅಲ್ಲಿ ಅಜ್ಜನ ಸ್ಕೂಟರ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ಅವರ ಮುಂದೆ ಉಂಗುರವನ್ನು ಎರಡು ಬೆರಳಲ್ಲಿ ಅದುಮಿ ತಿರುಗಿಸಿ ತೋರಿಸಿದೆ. ಕೈ ಮೇಲೆ ಒಂದು ಪೆಟ್ಟು ಬಿತ್ತು.

"ಅರೆ, ಹಿಂಡಬೇಡಮ್ಮಾ! ಹಿಂಡಿದ್ರೆ ಉಂಗುರ ಮೊಟ್ಟೆ ಥರ ಆಗ್ತದೆ, ಇನ್ನೂ ಗಟ್ಟಿ ಕಚ್ತದೆ."

ಸೈಕಲ್ ಟ್ಯೂಬಿನಿಂದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ಲೆನ್ಸಿಗೆ, ಒಂದನ್ನು ಉಂಗುರಕ್ಕೆ ಸುತ್ತಿದರು. ಪಕ್ಕದ ಟೀ ಅಂಗಡಿಯ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಉಂಗುರಕ್ಕಷ್ಟೇ ಕಟ್ಟಿದರು. ದೊಡ್ಡಪ್ಪನ ಅನ್ಯಾಯವನ್ನು ನಾನು ಮೊದಲಿನಿಂದ ವಿವರಿಸುತ್ತಿದ್ದೆ.

"ಬಿಸಿ ಹತ್ತೋ ತನಕ ಬಾಯಿಗೂ ಸ್ವಲ್ಪ ರೆಸ್ಟ್ ಕೊಡು ಬೇಟಿ."

ಆಮೇಲೆ ಅಂಗೈಯನ್ನು ಉಂಗುರದ ಮೇಲೆ ಚಪ್ಪಟೆಯಾಗಿ ಇಟ್ಟು, ಒತ್ತದೆ, ನಿಧಾನವಾಗಿ ತಿರುಗಿಸಿದರು. ಕರಕರ ಎಂದಿತು. ಬಿಟ್ಟಿತು.

ಲೆನ್ಸಿನ ಥ್ರೆಡ್ಡಿನಲ್ಲಿ, ತಿರುಗಿ ಕೂರುವ ಆ ಸುತ್ತುಗೆರೆಗಳಲ್ಲಿ, ಬೂದಿಬಣ್ಣದ ಗಟ್ಟಿ ಪುಡಿ ಕೂತಿತ್ತು. ವಿಭೂತಿ. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಎಲ್ಲಕ್ಕೂ, ಮಿಕ್ಸಿಗೂ ಕೂಡ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಾರೆ. ಲೆನ್ಸಿಗೆ ಹಣೆ ಯಾವುದು ಎಂದು ತಿಳಿಯದ ದೊಡ್ಡಪ್ಪ ಹಿಂಭಾಗದ ಥ್ರೆಡ್ಡಿನ ಮೇಲೇ ಎಳೆದು, ಒದ್ದೆಯಿರುವಾಗಲೇ ತಿರುಗಿಸಿದ್ದರು. ಇಷ್ಟಾಗಿದ್ದರೆ ಭಕ್ತಿಯಲ್ಲಾದ ತಪ್ಪು ಎಂದು ಬಿಡಬಹುದಿತ್ತೇನೋ. ಆದರೆ ಚಾಚಾ ಉಂಗುರದ ಹೊರಮೈಯ ಗೀರುಗಳನ್ನು ನೋಡುತ್ತಿದ್ದರು.

"ಇದು ಇಕ್ಕಳ, ಪ್ಲೇಯರ್ ಕಚ್ಚಿದ್ದು. ಈ ಕಡೆ ನಾಕು ಹಲ್ಲು, ಆ ಕಡೆ ನಾಕು. ಗೀರೊಳಗೆ ಕೆಂಪು ಏನು, ತುಕ್ಕಾ?"

ಅಲ್ಯೂಮಿನಿಯಂಗೆ ಕೆಂಪು ತುಕ್ಕು ಎಲ್ಲಿಂದ ಬರಬೇಕು? ಸೂಜಿಯ ತುದಿಯಲ್ಲಿ ಕೆರೆದು ಬಿಳಿ ಕಾಗದದ ಮೇಲೆ ಉದುರಿಸಿದೆ. ಕುಂಕುಮ. ನನ್ನ ಹತ್ತಿರ ಪ್ಲೇಯರ್ ಇಲ್ಲ. ಹಲ್ಲಿಗೆಲ್ಲ ಕುಂಕುಮ ಹಚ್ಚಿಸಿಕೊಂಡ ಪ್ಲೇಯರ್ ಅಂತೂ ಖಂಡಿತ ಇಲ್ಲ. ಪೂಜೆಯ ದಿನ ಅಂಗಡಿಯ ಉಪಕರಣಗಳಿಗೆ ವಿಭೂತಿಯ ಮೇಲೆ ಕುಂಕುಮವನ್ನೂ ಹಚ್ಚುವವರು ದೊಡ್ಡಪ್ಪ. ಖುಷಿಗೆ ಚಾಚಾನ ಗ್ರೀಸ್ ಕೈಯನ್ನೇ ಹಿಡಿದು ಕುಲುಕಿದೆ.

ಭಾನುವಾರ ಊಟಕ್ಕೆ ಎಲ್ಲರೂ ಸೇರಿದ್ದರು. ದೊಡ್ಡಪ್ಪ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುವವರೆಗೆ ಕಾದೆ. ಎದ್ದು ಹೋಗಲಾಗದ ಹೊತ್ತು ಅದು. ಲೆನ್ಸು, ಉಂಗುರ, ಕಾಗದ ಮೂರನ್ನೂ ಅಜ್ಜಿಯ ಮುಂದಿಟ್ಟು, ಚಾಚಾ ಹೇಳಿದ್ದನ್ನು ಒಂದೊಂದಾಗಿ ಹೇಳಿದೆ. ದನಿ ಏರಿಸಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಕೆಂಪು ಪುಡಿಯನ್ನು ಮೂಸಿದರು. ಲೆನ್ಸನ್ನು ನನ್ನ ಕಡೆ ತಳ್ಳಿದರು.

"ಬಿಡೇ, ಲೆನ್ಸು ಬಂತಲ್ಲ ಹೊರಗೆ" ಎಂದು ಅಮ್ಮ ಪಿಸುಗುಟ್ಟಿದಳು.

ಬಿಡುವುದಕ್ಕೆ ನಾನು ಬಂದಿರಲಿಲ್ಲ. ದೊಡ್ಡಪ್ಪ ತಲೆ ಎತ್ತದೆ ಹೋಳಿಗೆಗೆ ತುಪ್ಪ ಸವರುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ ಕೇಳಿದೆ:

"ದೊಡ್ಡಪ್ಪಾ, ಅವತ್ತು ಅಜ್ಜಿ ಮುಂದೆ ಆ ಗೀರು ತೋರಿಸ್ತಿದ್ರಲ್ಲ, ಅದು ನಿಮ್ಮ ಪ್ಲೇಯರಿಂದು ಅಂತ ಆಗ ಮರೆತಿತ್ತಾ, ನೆನಪಿತ್ತಾ?"