ಅತ್ತೆಗೆ ಮಾಡಿಕೊಟ್ಟ ತಣ್ಣನೆಯ ಕಾಫಿ

ನಮ್ಮ ಅತ್ತೆ ಜನರನ್ನು ಅಳೆಯುತ್ತಿದ್ದುದು ಅವರ ಮನೆಯ ಕಾಫಿಯ ಬಿಸಿಯಿಂದ. ಯಾರ ಮನೆಗಾದರೂ ಅರಿಸಿನ ಕುಂಕುಮಕ್ಕೆ ಹೋಗಿ ಬಂದರೆ ಅಲ್ಲಿನ ಸೀರೆ, ಒಡವೆ, ಹೊಸ ಸೋಫಾ ಇವು ಯಾವುದರ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಕಾಫಿ ಆರೋಗಿತ್ತು ಕಣಮ್ಮ" ಎಂದರೆ ಆ ಮನೆಯವರ ಕಥೆ ಮುಗಿದಂತೆ. ಆರಿದ ಕಾಫಿ ಕೊಡುವುದೂ ಒಂದೇ, ಬಂದವರಿಗೆ ಎದ್ದು ಹೋಗಿ ಅನ್ನುವುದೂ ಒಂದೇ ಎಂದು ಅವರು ನಂಬಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ಬಂದಾಗ ಅವರು ನನಗೆ ಕಲಿಸಿದ ಮೊದಲ ಪಾಠ ಲೋಟವನ್ನು ಬಿಸಿನೀರಲ್ಲಿ ಅಲುಬಿ ಆಮೇಲೆ ಕಾಫಿ ಹಾಕುವುದು. ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವವಳು, ಬೇರೆಯವರಿಂದ ಪಾಠ ಹೇಳಿಸಿಕೊಳ್ಳುವುದೆಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಆ ಕಾಫಿ ಕುಡಿದಮೇಲೆ ಬಾಯಿ ಮುಚ್ಚಿಕೊಂಡು ಕಲಿತೆ.

ಅಂಥ ನಮ್ಮ ಅತ್ತೆಗೆ, ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷಗಳಾದ ಮೇಲೆ, ನಾಲಿಗೆಯ ಬುಡದಲ್ಲಿ ಗಡ್ಡೆಯಾಯಿತು. ಚಳಿಗಾಲವೆಲ್ಲ ಆಸ್ಪತ್ರೆಗೆ ಓಡಾಡಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದೆವು. ಗಡ್ಡೆ ಕರಗಿತು ಎಂದರು ಡಾಕ್ಟರು. ಆದರೆ ಬಾಯಿಯ ಒಳಗೆಲ್ಲ ಹುಣ್ಣು, ರುಚಿ ಎಂಬುದು ಪೂರ್ತಿ ಹೋಗಿತ್ತು. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಪೈಪನ್ನು ಬೇಸಿಗೆಯ ಹೊತ್ತಿಗೆ ತೆಗೆದರು. ತೆಗೆಯುವಾಗಲೇ ಡಾಕ್ಟರು ಹೇಳಿದ್ದರು: ಬಿಸಿ, ಖಾರ, ಹುಳಿ ತಾಗಿಸಬೇಡಿ, ತಣ್ಣಗೆ, ಗಟ್ಟಿಯಾಗಿ, ಸಿಹಿಯಾಗಿ ಏನಾದರೂ ಕೊಡುತ್ತಿರಿ, ತೂಕ ಇನ್ನೂ ಇಳಿದರೆ ಮತ್ತೆ ಪೈಪ್ ಹಾಕಬೇಕಾಗುತ್ತೆ.

ಅತ್ತೆಗೆ ಗಡ್ಡೆಗಿಂತ ಆ ಪೈಪಿನ ಮೇಲೆಯೇ ಹೆಚ್ಚು ಭಯ. ಆಸ್ಪತ್ರೆಯಿಂದ ಹಿನಕಲ್ ಹತ್ತಿರದ ನಮ್ಮ ಮನೆಗೆ ಆಟೋದಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡು, "ಮತ್ತೆ ಅದನ್ನ ಹಾಕ್ಸೋಕೆ ಬುಡಬೇಡ ಕಣಮ್ಮ" ಎಂದರು. ದನಿ ಪಿಸುಮಾತಿನಷ್ಟೇ ಉಳಿದಿತ್ತು. ನಾನು ಆಗಲಿ ಎಂದೆ. ಹಾಗೆ ಅನ್ನುವುದಕ್ಕೆ ನನ್ನ ಹತ್ತಿರ ಏನು ಆಧಾರ ಇತ್ತೋ ಗೊತ್ತಿಲ್ಲ.

ಮನೆಗೆ ಬಂದಮೇಲೆ ಏನು ಕೊಟ್ಟರೂ ಒಂದೇ ಮಾತು, ಮಣ್ಣು. ರಾಗಿ ಗಂಜಿ ಮಣ್ಣು, ಸಬ್ಬಕ್ಕಿ ಪಾಯಸ ಮಣ್ಣು, ಮಾವ ತಾವೇ ಬಿಸಿಲಲ್ಲಿ ಹೋಗಿ ತಂದ ಐಸ್‌ಕ್ರೀಮೂ ಮಣ್ಣು. ಅವರು ಬಾಯಿಬಿಟ್ಟು ಕೇಳುತ್ತಿದ್ದುದು ಒಂದೇ ಒಂದು, ಕಾಫಿ. ಬಿಸಿ ಕಾಫಿ ಕೊಡುವ ಹಾಗಿಲ್ಲ. ಆರಿಸಿ ಕೊಟ್ಟರೆ ಲೋಟದ ಹೊರಗೆ ಬೆರಳಿಟ್ಟು ನೋಡಿ ಮುಖ ತಿರುಗಿಸುತ್ತಿದ್ದರು. ಸಂಜೆ ಆ ಲೋಟ ಹಾಗೇ ಕೆನೆಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿರುತ್ತಿತ್ತು. ನನ್ನವರು ಆಗ ಕೆಲಸದ ಮೇಲೆ ಹಾಸನದಲ್ಲಿದ್ದು ಶನಿವಾರ ಮಾತ್ರ ಬರುತ್ತಿದ್ದರು. ಬಂದಾಗಲೆಲ್ಲ ಅವರಮ್ಮನ ಮಣಿಕಟ್ಟನ್ನು ಹಿಡಿದು ನೋಡುತ್ತಿದ್ದರು.

ಹತ್ತನೇ ತರಗತಿ ಪರೀಕ್ಷೆ ಮುಗಿಸಿದ್ದ ನಮ್ಮ ಮಗಳು ಆ ಬೇಸಿಗೆಯಲ್ಲಿ ಒಂದು ದಿನ, ಔಷಧಿ ತರಲು ಹೋಗಿದ್ದ ನನ್ನನ್ನು ಕಾಳಿದಾಸ ರಸ್ತೆಯ ಕಾಫಿ ಶಾಪಿಗೆ ಎಳೆದುಕೊಂಡು ಹೋದಳು. ಕಾಫಿ ಕುಡಿಯಲು ಸೋಫಾದ ಮೇಲೆ ಒರಗಬೇಕಾದ ಜಾಗ ಅದು. ನನಗೆ ಒಳಗೆ ಕಾಲಿಡುತ್ತಲೇ ರೇಗಿತು. ಅವಳು ಚಿತ್ರ ತೋರಿಸಿ ಏನೋ ಹೇಳಿದಳು. ಬಂದದ್ದು ಉದ್ದನೆಯ ಗಾಜಿನ ಲೋಟದಲ್ಲಿ ಕಾಫಿ, ಚಾಕೊಲೇಟು, ಹಾಲು, ಮಂಜುಗಡ್ಡೆ ಎಲ್ಲ ಸೇರಿದ ಒಂದು ಪಾನೀಯ. ಬೈಯಲು ಬಾಯಿ ತೆರೆದವಳು ಒಂದು ಗುಟುಕು ಕುಡಿದು ಬಾಯಿ ಮುಚ್ಚಿದೆ. ತಣ್ಣಗಿತ್ತು, ಗಟ್ಟಿಯಾಗಿತ್ತು, ಸಿಹಿಯಾಗಿತ್ತು, ಮತ್ತು ಅದು ನಿಜವಾಗಿ ಕಾಫಿಯಾಗಿತ್ತು. ಆರಿಹೋದ ಕಾಫಿಯಲ್ಲ, ತಣ್ಣಗಿರಲೆಂದೇ ಹುಟ್ಟಿದ ಕಾಫಿ.

"ಇದನ್ನ ಹೇಗೆ ಮಾಡ್ತಾರೆ?" ಎಂದೆ.

"ಆ ಮೆಷಿನ್ನಲ್ಲಿ ಎಸ್ಪ್ರೆಸೊ ತೆಗೀತಾರಲ್ಲ ಅಮ್ಮ, ನಮ್ಮ ಡಿಕಾಕ್ಷನ್ ಥರಾನೇ. ಅದಕ್ಕೆ ಚಾಕೊಲೇಟ್ ಕಲಸಿ ಹಾಲು ಐಸು ಹಾಕ್ತಾರೆ ಅಷ್ಟೇ."

ನಾನು ಕೌಂಟರಿನ ಹತ್ತಿರ ಹೋಗಿ ನಿಂತು ನೋಡಿದೆ. ಮಗಳು ನನ್ನ ಪರಿಚಯವೇ ಇಲ್ಲದವಳಂತೆ ರಸ್ತೆಯ ಕಡೆ ಮುಖ ಮಾಡಿದಳು.

ಮನೆಯಲ್ಲಿ ಮೊದಲ ಸಲ ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಬೇಕರಿ ಸಾಮಾನಿನ ಅಂಗಡಿಯಿಂದ ಕೋಕೋ ಪುಡಿ ತಂದು ತಣ್ಣನೆಯ ಹಾಲಿಗೆ ಸುರಿದೆ. ಅದು ಕರಗಲಿಲ್ಲ, ಕದಡಲಿಲ್ಲ, ಒಲೆಯ ಬೂದಿಯ ಹಾಗೆ ಮೇಲೆ ತೇಲಿತು. ಅದನ್ನು ಚೆಲ್ಲಿ, ಕೋಕೋ ಮತ್ತು ಸಕ್ಕರೆಯ ಮೇಲೆ ಸ್ವಲ್ಪ ಬಿಸಿ ಡಿಕಾಕ್ಷನ್ ಹಾಕಿ ಚಮಚದ ಬೆನ್ನಲ್ಲಿ ಅರೆದಾಗ ಹೊಳೆಯುವ ಕಪ್ಪು ಗೊಜ್ಜಾಯಿತು. ಆಮೇಲೆ ಹಾಲು, ಕೆನೆ, ಐಸು. ಗಾಜಿನ ಲೋಟಕ್ಕೆ ಹಾಕಿ, ಸ್ಟ್ರಾ ಸಿಕ್ಕಿಸಿ, ಕಾಫಿ ಶಾಪಿನಲ್ಲಿ ನೋಡಿದಂತೆ ಮೇಲೆ ಕೋಕೋ ಉದುರಿಸಿ ಮಗಳ ಕೈಯಲ್ಲಿ ಕಳಿಸಿದೆ.

ಅತ್ತೆ ಲೋಟವನ್ನು ತಿರುಗಿಸಿ ನೋಡಿದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದರು. ಎಷ್ಟೋ ದಿನದ ಮೇಲೆ ಅವರು ಆಡಿದ ತಮಾಷೆ ಅದು, ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತು ನಕ್ಕೆ. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸ್ಟ್ರಾದಲ್ಲಿ ಹೀರಲು ಹೋದರೆ ಹುಣ್ಣು ಎಳೆಯಿತು. ಅದನ್ನು ಕಿತ್ತು ಪಕ್ಕಕ್ಕಿಟ್ಟು, ಜೀವಮಾನವೆಲ್ಲ ಕುಡಿದ ಹಾಗೆಯೇ, ಲೋಟಕ್ಕೆ ತುಟಿ ತಾಗಿಸದೆ ತಲೆಯೆತ್ತಿ ಬಾಯಿಗೆ ಹೊಯ್ದುಕೊಂಡರು. ಎಂಜಲು ಮಾಡಿ ಕುಡಿಯುವುದು ಅವರಿಗೆ ಆಗುತ್ತಲೇ ಇರಲಿಲ್ಲ. ಕಾಫಿಯ ಜೊತೆ ಐಸಿನ ಗಡ್ಡೆಗಳೆಲ್ಲ ಹುಣ್ಣಿನ ಮೇಲೆ ಬಿದ್ದವು. ಅವರು ಕೂಗಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಇಳಿಯಿತು. ಮಾವ ಓಡಿ ಬಂದು ಟವೆಲಿನಲ್ಲಿ ಒರೆಸುತ್ತ, "ಯಾಕಮ್ಮ ಇದೆಲ್ಲ, ಗಂಜಿ ಕೊಡಬಾರದಿತ್ತಾ" ಎಂದರು. ಅವರು ಏರುದನಿಯಲ್ಲಿ ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಮಾರನೆಯ ದಿನ ಐಸಿನಲ್ಲಿ ತಣಿಸಿ, ಗಡ್ಡೆಗಳನ್ನು ಸೋಸಿ ತೆಗೆದು, ಅವರ ಹಳೆಯ ಸ್ಟೀಲ್ ಲೋಟದಲ್ಲೇ ಕೊಟ್ಟೆ. ಒಂದು ಗುಟುಕನ್ನು ಬಾಯಲ್ಲಿ ಸುಮಾರು ಹೊತ್ತು ಇಟ್ಟುಕೊಂಡು ನುಂಗಿದರು.

"ಸಿಹಿ ಗೊತ್ತಾಯ್ತದೆ. ಚಾಕೊಲೇಟು ಅನ್ನೋದೂ ಒಂಚೂರು ಗೊತ್ತಾಯ್ತದೆ. ಕಾಫಿ ಎಲ್ಲಮ್ಮ?"

ಕೋಕೋ ಹೆಚ್ಚಿಸಿದೆ, ಹಾಲು ಕಡಿಮೆ ಮಾಡಿದೆ. ಇಲ್ಲ, ಕಾಫಿ ಸಿಗಲಿಲ್ಲ. ನನ್ನ ಮನಸ್ಸು ಸಮಾಧಾನಕ್ಕೆ ಒಂದು ಕಾರಣ ಹುಡುಕಿಕೊಂಡಿತ್ತು: ಕರೆಂಟು ನಾಲಿಗೆಯನ್ನು ಸುಟ್ಟಿದೆ, ಪಾಪ, ಅವರಿಗೆ ಇನ್ನು ಕಾಫಿಯ ರುಚಿ ಬರುವುದಿಲ್ಲ. ಲೋಟ ಅರ್ಧಕ್ಕೇ ವಾಪಸ್ಸು ಬರುತ್ತಿತ್ತು. ತೂಕ ನೋಡಲು ಆಸ್ಪತ್ರೆಗೆ ಹೋಗಬೇಕಾದ ದಿನ ಹತ್ತಿರವಾಗುತ್ತಿತ್ತು, ಅವರ ರವಿಕೆಯ ತೋಳುಗಳು ನೇತಾಡುತ್ತಿದ್ದವು. ನನಗೆ ಹೆದರಿಕೆ ಹತ್ತಿತು.

ಉಳಿದ ಅರ್ಧವನ್ನು ಕುಡಿದು ಮುಗಿಸುತ್ತಿದ್ದುದು ಮಗಳು. ಅವಳೇ ಒಂದು ದಿನ ಹುಬ್ಬು ಗಂಟಿಕ್ಕಿ ಕೇಳಿದಳು. "ಅಮ್ಮ, ಅಲ್ಲಿ ಕುಡಿದಂಗೆ ಇಲ್ಲ ಇದು. ಯಾವ ಡಿಕಾಕ್ಷನ್ ಹಾಕ್ತಿದೀಯ?"

"ಇನ್ಯಾವುದು, ಎರಡನೇದು" ಎಂದೆ. ಎಂದವಳು ಹಾಗೇ ನಿಂತೆ.

ನಮ್ಮ ಮನೆಯಲ್ಲಿ ಪುಡಿಯ ಮೇಲೆ ಮೊದಲು ಹೊಯ್ದ ಬಿಸಿನೀರು ಗಟ್ಟಿಯಾಗಿ ಇಳಿದು ಬರುತ್ತಿತ್ತಲ್ಲ, ಅದು ಮಾವನಿಗೆ, ನನ್ನವರಿಗೆ, ಬಂದ ನೆಂಟರಿಗೆ. ಅದೇ ಪುಡಿಯ ಮೇಲೆ ಇನ್ನೊಮ್ಮೆ ನೀರು ಹೊಯ್ದರೆ ತಿಳಿಯಾಗಿ ಇಳಿಯುವುದು ಹೆಂಗಸರಿಗೆ, ಅಂದರೆ ಅತ್ತೆಗೆ ಮತ್ತು ನನಗೆ. ಇದನ್ನು ಯಾರೂ ಯಾರಿಗೂ ಹೇಳಿದ್ದಲ್ಲ. ನನ್ನ ತವರಿನಲ್ಲೂ ಹೀಗೇ ಇತ್ತು, ಪಕ್ಕದ ಮನೆಯಲ್ಲೂ ಹೀಗೇ. ಬಿಸಿಯ ವಿಷಯದಲ್ಲಿ ಊರನ್ನೆಲ್ಲ ಅಳೆಯುತ್ತಿದ್ದ ನಮ್ಮ ಅತ್ತೆ, ಜಗತ್ತಿಗೆಲ್ಲ ಗಟ್ಟಿ ಕಾಫಿ ಮಾಡಿಕೊಟ್ಟು ತಾವು ಕುಡಿದದ್ದು ತಿಳಿಯಾದದ್ದನ್ನು. ಅವರು ಸಾಯುವಷ್ಟು ಕಾಯಿಲೆ ಬಿದ್ದಿರುವಾಗ ಕೂಡ, ಮೆಷಿನ್ ಹಿಂಡಿ ತೆಗೆಯುವ ಗಟ್ಟಿ ಕಾಫಿಯ ಜಾಗದಲ್ಲಿ, ನನ್ನ ಕೈ ತಾನಾಗಿಯೇ ಎರಡನೇ ಡಿಕಾಕ್ಷನ್ನಿನ ಪಾತ್ರೆಗೆ ಹೋಗಿತ್ತು. ಹೆಂಗಸಿಗೆ ತಾನೇ ಕೊಡುವುದು.

ಮರುದಿನ ಬೆಳಿಗ್ಗೆ ಮೊದಲು ಇಳಿದದ್ದನ್ನು ಅಷ್ಟೂ ಒಂದು ಬಟ್ಟಲಿಗೆ ಬಸಿದು ಮುಚ್ಚಿಟ್ಟೆ. ಮಾವನಿಗೆ ಎರಡನೆಯದರಲ್ಲಿ ಕಾಫಿ ಬೆರೆಸಿ ಕೊಟ್ಟೆ. ಅವರು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಪೇಪರ್ ಹಿಡಿದು ಅತ್ತೆಯ ಮಂಚದ ಪಕ್ಕ ಕೂತಿದ್ದರು. ಒಂದು ಗುಟುಕಿಗೆ ಪೇಪರ್ ಕೆಳಗಿಟ್ಟರು.

"ಪುಡಿ ಕಮ್ಮಿ ಹಾಕಿದ್ಯೇನಮ್ಮ?"

"ಇಲ್ಲ ಮಾವ, ಅದು ಎರಡನೇ ಡಿಕಾಕ್ಷನ್ನು. ಮೊದಲನೇದು ಅತ್ತೆ ಕಾಫಿಗೆ ಬೇಕು."

"ಇದನ್ನ ಯಾರು ಕುಡೀತಿದ್ರು?"

"ಅತ್ತೆ, ನಾನು."

ಮಾವ ಲೋಟದೊಳಗೆ ನೋಡಿದರು. ಮನೆಗೆ ಪುಡಿ ತರುತ್ತಿದ್ದವರು ಅವರೇ, ಚಿಕೋರಿ ಎಷ್ಟಿರಬೇಕೆಂದು ಅಂಗಡಿಯವನೊಡನೆ ವಾದ ಮಾಡುತ್ತಿದ್ದವರೂ ಅವರೇ. ಆ ಪುಡಿ ಅಡುಗೆಮನೆಯಲ್ಲಿ ಹೇಗೆ ಎರಡು ಥರದ ಕಾಫಿಯಾಗುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ, ಒಳಗೆ ಬಂದು ನೋಡಿದವರಲ್ಲ ಅಷ್ಟೇ. ಅತ್ತೆಯ ಕಡೆ ತಿರುಗಿ, "ಇಷ್ಟು ವರ್ಷಾನೂ ಇದನ್ನೇ ಕುಡೀತಿದ್ದೇನೇ?" ಎಂದರು.

ಅತ್ತೆಗೆ ಬೇರೆಯೇ ಚಿಂತೆ. "ಚೆನ್ನಾಗಿಲ್ವಾ? ಬುಡಿ ಅತ್ಲಾಗೆ, ಅವಳು ಬೇರೆ ಮಾಡ್ಕೊಡ್ತಾಳೆ" ಎಂದು ಪಿಸುಗುಟ್ಟಿದರು.

ಮಾವ ಬೇಡವೆಂದು ತಲೆಯಾಡಿಸಿ ಪೂರ್ತಿ ಕುಡಿದರು. ಆ ದಿನದಿಂದ ಬೇಸಿಗೆ ಮುಗಿಯುವ ತನಕ ಅದನ್ನೇ ಕುಡಿದರು, ಒಂದು ದಿನವೂ ಮುಖ ಹುಳ್ಳಗೆ ಮಾಡಲಿಲ್ಲ. ನನಗೆ ಅವರ ಮೇಲೆ ಅಕ್ಕರೆ ಹುಟ್ಟಿದ್ದು ಆಗಲೇ ಎಂದರೆ ಸುಳ್ಳಲ್ಲ.

ಆ ಮಧ್ಯಾಹ್ನ ಗಟ್ಟಿ ಡಿಕಾಕ್ಷನ್ನನ್ನು ಸ್ವಲ್ಪ ಬಿಸಿ ಮಾಡಿ ಕೋಕೋ ಸಕ್ಕರೆಯನ್ನು ಅರೆದೆ. ಕೆನೆಹಾಲು ಬೆರೆಸಿ, ಐಸು ಹಾಕಿ ತಣಿಸಿ, ಸೋಸಿದೆ. ಐಸು ತಯಾರಾಗುವಷ್ಟು ಹೊತ್ತು ಮನೆಯಲ್ಲಿ ವಿದ್ಯುತ್ ಉಳಿದಿದ್ದು ಆ ದಿನದ ಪುಣ್ಯ. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಹೊಯ್ಯುತ್ತಿದ್ದಾಗ ಕೋಣೆಯಿಂದ ಅತ್ತೆ ಮಂಚದ ಕಟ್ಟನ್ನು ಬಳೆಯಿಂದ ಬಡಿದು ನನ್ನನ್ನು ಕರೆದರು. ಹೋಗಿ ನೋಡಿದರೆ ಬಲಗೈಯನ್ನು ಮೇಲೆತ್ತಿ ತೋರಿಸುತ್ತಿದ್ದಾರೆ.

"ಇನ್ನೂ ಎತ್ತರದಿಂದ ಹುಯ್ಯಿ. ಸದ್ದು ಸಾಲ್ದು."

ಅವರ ಕಣ್ಣೆದುರೇ ನಿಂತು, ಕೈ ಎಷ್ಟು ಎತ್ತಲಾಗುತ್ತದೋ ಅಷ್ಟು ಎತ್ತಿ ಹೊಯ್ದೆ. ನೆಲದ ಮೇಲೆ ಒಂದಿಷ್ಟು ಚೆಲ್ಲಿತು, ಲೋಟದಲ್ಲಿ ಕಂದು ನೊರೆ ಅಂಚಿನವರೆಗೂ ಬಂತು. ಮಗಳು ಅದನ್ನು ಅವರ ಕೈಗೆ ಕೊಟ್ಟು ಬಾಗಿಲಿಗೆ ಸರಿದಳು. ಅತ್ತೆ ತಲೆಯೆತ್ತಿ ಮೆಲ್ಲಗೆ ಹೊಯ್ದುಕೊಂಡರು. ಬಾಯಿ ಮುಚ್ಚಿ ಕಣ್ಣೂ ಮುಚ್ಚಿದರು. ಮಗಳು ಬಾಗಿಲಲ್ಲಿ, ಮಾವ ಕುರ್ಚಿಯಲ್ಲಿ, ಯಾರೂ ಮಿಸುಕಲಿಲ್ಲ.

"ಬಂತು" ಎಂದರು ಅತ್ತೆ. "ಕಹಿ ಬಂತು ಕಣಮ್ಮ."

ಕಹಿ ಬಂತೆಂದು ಅಷ್ಟು ಸಂತೋಷಪಟ್ಟ ಮನೆ ಇನ್ನೊಂದಿರಲಿಕ್ಕಿಲ್ಲ. ಲೋಟ ಖಾಲಿಯಾಯಿತು. ಕೈಗೆ ಕೊಟ್ಟಿದ್ದು ಮಗಳೆಂದು ಅವಳ ಕೆನ್ನೆ ಸವರಿದರು, ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುವುದು ಸುಮ್ಮನೆ ಅಲ್ಲ. ನನಗೆ ಆ ಹೊತ್ತಿನಲ್ಲಿ ಅಸೂಯೆಪಡುವುದಕ್ಕೂ ಪುರುಸೊತ್ತಿರಲಿಲ್ಲ, ಇನ್ನೊಂದು ಲೋಟ ಬೇಕೆಂದಿದ್ದರು.

ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮುಳ್ಳು ಇಳಿದಿರಲಿಲ್ಲ, ಒಂದು ಚೂರು ಏರಿಯೇ ಇತ್ತು. ಪೈಪ್ ಬೇಡ ಎಂದ ಡಾಕ್ಟರು ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಮಾಡುವ ವಿಧಾನವನ್ನೆಲ್ಲ ಹೇಳತೊಡಗಿದರು, ಅದೂ ಅದಲುಬದಲಾಗಿ, ಮೊದಲು ಐಸು ಅರೆಯಬೇಕು ಎಂದು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಬೇಸಿಗೆಯೆಲ್ಲ ಮಧ್ಯಾಹ್ನಕ್ಕೊಂದು, ಸಂಜೆಗೊಂದು ಲೋಟ ನಡೆಯಿತು. ಮಳೆ ಹಿಡಿದು ಶಾಲೆ ಶುರುವಾಗುವ ಹೊತ್ತಿಗೆ ಹುಣ್ಣು ಮಾಯ್ದಿತ್ತು, ಇನ್ನು ಬಿಸಿ ಕುಡಿಯಬಹುದು ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಅತ್ತೆ ನಿಂತಿದ್ದರು, ಸೀರೆಯೊಳಗೆ ಅವರು ಅರ್ಧ ಮಾತ್ರ ಉಳಿದಿದ್ದರೂ ಬೆನ್ನು ನೆಟ್ಟಗಿತ್ತು. ಹಬ್ಬಕ್ಕೆ, ಮದುವೆ ಮಾತುಕತೆಗೆ ಮಾತ್ರ ಅಟ್ಟದಿಂದ ಇಳಿಸುತ್ತಿದ್ದ ದೊಡ್ಡ ಫಿಲ್ಟರು ಒಲೆಯ ಪಕ್ಕದಲ್ಲಿತ್ತು. ಅದನ್ನು ಇಳಿಸಿಕೊಟ್ಟವರು ಮಾವನೇ, ಸ್ಟೂಲು ಇನ್ನೂ ಅಲ್ಲೇ ಇತ್ತು. ಅವತ್ತು ಯಾವ ಹಬ್ಬವೂ ಇರಲಿಲ್ಲ, ಯಾವ ನೆಂಟರೂ ಬರುವವರಿರಲಿಲ್ಲ.

ಅತ್ತೆ ಲೋಟಗಳನ್ನು ಬಿಸಿನೀರಲ್ಲಿ ಅಲುಬಿ ಕಾಫಿ ಬೆರೆಸಿದರು. ಮಾವನಿಗೊಂದು ಹೋಯಿತು. ತಮಗೊಂದು ತೆಗೆದಿಟ್ಟುಕೊಂಡರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ನಾನು ಎಂದಿನಂತೆ ಕಟ್ಟೆಗೆ ಒರಗಿ ನಿಂತು, ಶಾಲೆಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಒಂದು ಗುಟುಕು ಕುಡಿದೆ. ಆ ಮನೆಗೆ ಬಂದಾಗಿನಿಂದ ಕುಡಿದಿರದ ಕಾಫಿ ಅದು, ಕಪ್ಪಾಗಿ, ಗಟ್ಟಿಯಾಗಿ, ನಾಲಿಗೆಯನ್ನು ಹಿಡಿದು ನಿಲ್ಲಿಸುವಂಥದ್ದು. ಎರಡನೇ ಡಿಕಾಕ್ಷನ್ನಿನ ಪಾತ್ರೆ ಗೂಡಿನಲ್ಲಿ ಮಗುಚಿ ಹಾಕಿತ್ತು.

ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ, ಮಣೆಯೊಂದನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

"ನಿಂತ್ಕೊಂಡು ಕುಡೀಬೇಡ ಕಣಮ್ಮ. ಕೂತ್ಕೋ."

ಕೂತೆ. ಅಳು ಬಂತು, ಅತ್ತೆ ತಮ್ಮ ಲೋಟ ಹಿಡಿದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು, ಇಬ್ಬರೂ ಕುಡಿದು ಮುಗಿಸುವ ತನಕ ಯಾರೂ ಏಳಲಿಲ್ಲ.